ಮಣ್ಣಿಗೆ ಹೊಂಟೇನ್ರಿ

ಗಾಡಿಯಿಂದ ಇಳಿದ ಬುಡ್ಡೇಸಾಬ ಬೇರೆ, ಗಾಡಿ ಮೇಲಿನ ಬುಡ್ಡೇಸಾಬ ಬೇರೆ. ಇಳಿದಾಗ ಅವನಷ್ಟು ಸಾವಕಾಶದ ಮನುಷ್ಯ ಇಡೀ ಲಕ್ಷ್ಮೇಶ್ವರದಲ್ಲಿ ಇನ್ನೊಬ್ಬನಿಲ್ಲ. ಕೆಟ್ಟ ಹೊಲಿಗೆ ಮಶೀನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಅದಕ್ಕೆ ಕಿವಿ ಹಚ್ಚಿ, ಗಾಲಿಯನ್ನು ಕೈಯಿಂದ ಒಂದೊಂದೇ ಸುತ್ತು ತಿರುಗಿಸುತ್ತ ಎಲ್ಲಿ ‘ಕಟಕ್’ ಅಂದಿತು ಎಂದು ಅರ್ಧ ತಾಸು ಕೇಳುತ್ತಾನೆ. ಅದೇ ಮನುಷ್ಯ ತನ್ನ ಕಪ್ಪು ಹೀರೋ ಹೋಂಡಾಕ್ಕೆ ಕಿಕ್ ಹೊಡೆದನೆಂದರೆ ರಸ್ತೆ ಬದಿಯ ಕೋಳಿಗಳು ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದವು.

ನಾನು ಬಜಾರದಲ್ಲಿ ಹೆಂಗಸರ ಜಂಪರ್, ಅಂದರೆ ರವಿಕೆ, ಹೊಲಿಯುವ ಶೇಖವ್ವ. ನನ್ನ ಮಶೀನಿನ ನಾಡಿ ನೋಡುವವನು ಬುಡ್ಡೇಸಾಬನೇ. ಗದಗ, ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಎಲ್ಲ ಕಡೆ ದರ್ಜಿಗಳು ಅವನಿಗೇ ಫೋನ್ ಮಾಡುತ್ತಾರೆ. ಇಷ್ಟು ಯಾಕೆ ಅವಸರ ಮಾಡುತ್ತೀ ಎಂದು ಒಮ್ಮೆ ಕೇಳಿದ್ದೆ. ‘ಅಕ್ಕಾ, ಮಶೀನ ಕೆಟ್ಟು ಕುಂತ ದರ್ಜಿ ಮಾರಿ ಕಣ್ಣ ಮುಂದ ಬರತೈತಿ. ಕೈ ತಾನ ತಿರಗತೈತಿ’ ಎಂದಿದ್ದ. ಸುಳ್ಳಲ್ಲ ಅದು. ಹಬ್ಬದ ಮುಂದೆ ಮಶೀನು ನಿಂತರೆ ನನ್ನ ಮೋರೆ ಹೇಗಿರುತ್ತದೆಂದು ನನಗೇ ಗೊತ್ತು.

ಹೊಸ ಜಿಲ್ಲೆಯಾದ ಮೇಲೆ ನಮ್ಮ ರಸ್ತೆಗಳು ಅಗಲವಾದವು. ರಸ್ತೆ ಅಗಲವಾದ ಮೇಲೆ ಗಾಡಿಗಳು ಜೋರಾದವು, ಗಾಡಿ ಜೋರಾದ ಮೇಲೆ ಪೊಲೀಸರು ಗಿಡದ ನೆರಳಿಗೆ ಬಂದು ನಿಂತರು. ಕೈ ಮಾಡಿ ನಿಲ್ಲಿಸಿದಾಗ ಒಬ್ಬೊಬ್ಬರದು ಒಂದೊಂದು ಪುರಾಣ. ಒಬ್ಬನ ಹೆಂಡತಿಗೆ ಹೆರಿಗೆಯ ಬ್ಯಾನಿ ಎದ್ದಿರುತ್ತದೆ, ಒಬ್ಬನಿಗೆ ಪರೀಕ್ಷೆ ಇರುತ್ತದೆ, ಇನ್ನೊಬ್ಬನ ಗಾಡಿಯ ಬ್ರೇಕೇ ಹಿಡಿಯುವುದಿಲ್ಲವಂತೆ. ಬುಡ್ಡೇಸಾಬನಿಗೆ ಈ ವಿದ್ಯೆ ಬರುತ್ತಿರಲಿಲ್ಲ. ತಲೆ ತಗ್ಗಿಸಿ ‘ತಪ್ಪಾತ್ರಿ’ ಎನ್ನುವುದು, ದಂಡ ಕಟ್ಟುವುದು, ನಾಳೆ ಮತ್ತೆ ಹಾಗೇ ಓಡಿಸುವುದು. ಅವನ ಬಾಯಲ್ಲಿ ಸುಳ್ಳು ಹುಟ್ಟುತ್ತಲೇ ಇರಲಿಲ್ಲ.

ಹುಟ್ಟಿಸಿದವಳು ನಾನು.

ಆ ವರ್ಷ ಪಂಚಮಿಗೆ ನಾಲ್ಕು ದಿನವಿತ್ತು. ತವರಿಗೆ ಬರುವ ಹೆಣ್ಣುಮಕ್ಕಳ ನಲವತ್ತು ಜಂಪರ್ ನನ್ನ ಮುಂದೆ ಕತ್ತರಿಸಿ ಬಿದ್ದಿದ್ದವು, ಮಶೀನಿನ ಕೆಳದಾರ ಹಿಡಿಯುವ ಶಟಲ್ ಮುರಿದಿತ್ತು. ಹೊಸದು ತರಲು ಬುಡ್ಡೇಸಾಬ ಬೆಟಗೇರಿಗೆ ಹೋಗಿದ್ದ. ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಅವನು, ‘ಅಕ್ಕಾ, ದಾರ್‍ಯಾಗ ಪೊಲೀಸರು ಅದಾರಂತ. ಒಂದೀಟ ತಡಾ ಆಗತೈತಿ’ ಎಂದ.

‘ಕೈ ಮಾಡಿದ್ರ ಮಣ್ಣಿಗೆ ಹೊಂಟೇನಿ ಅನ್ನು. ಮಣ್ಣಿಗೆ ಹೋಗಾವನ್ನ ಯಾರೂ ತಡಿಯೂದಿಲ್ಲ.’

‘ಯಾರ ಮಣ್ಣಿಗೆ ಅನ್ನಲಿ?’

‘ಯಾರದರ ಅನ್ನು. ನಿನಗ ಬಳಗ ಕಡಿಮಿ ಐತೇನು?’ ಎಂದು ಫೋನ್ ಇಟ್ಟೆ.

ನಮ್ಮ ಕಡೆ ಮದುವೆಗೆ ಹೋಗದಿದ್ದರೂ ನಡೆದೀತು, ಮಣ್ಣಿಗೆ ಹೋಗದಿದ್ದರೆ ನಡೆಯದು. ಹಿಂದೂಗಳಿರಲಿ, ಮುಸಲ್ಮಾನರಿರಲಿ, ಸತ್ತವರ ಗುಣಿಗೆ ತನ್ನ ಕೈಯಿಂದ ಒಂದು ಹಿಡಿ ಮಣ್ಣು ಹಾಕಿ ಬಂದರೆ ಋಣ ಮುಗಿಯಿತು. ಜಗಳವಾಡಿ ಹತ್ತು ವರ್ಷ ಮಾತು ಬಿಟ್ಟವರೂ ಮಣ್ಣಿಗೆ ಬರುತ್ತಾರೆ. ಹೆಣ ಕಾಯುವುದಿಲ್ಲವಾದ್ದರಿಂದ ಅಂಥವನ ದಾರಿಗೆ ಯಾರೂ ಅಡ್ಡ ಬರುವುದಿಲ್ಲ. ಅಂಥ ಮಾತನ್ನು ನಾನು ಒಂದು ಶಟಲ್‌ಗಾಗಿ ಅವನ ಬಾಯಿಗೆ ತುರುಕಿದೆ.

ಗದಗಿನ ಕಡೆಯಿಂದ ಬರುವಾಗ ಶಿರಹಟ್ಟಿಗೂ ನಮ್ಮೂರಿಗೂ ದಾರಿ ಒಡೆಯುವ ಕಡೆ ಜೀಪು ನಿಂತಿತ್ತು. ವೇಗ ಅಳೆಯುವ ಯಂತ್ರ ಹಿಡಿದು ಒಬ್ಬ ಗಿಡದ ಕೆಳಗಿದ್ದ. ಮುಂದೆ ಬಂದು ಕೈ ಮಾಡಿದವನು ಹವಾಲ್ದಾರ ಹೊಳೆಯಪ್ಪ, ದಪ್ಪ ಮೀಸೆಯ, ಮೆತ್ತನೆಯ ಮಾತಿನ ಮನುಷ್ಯ.

‘ಏನಪಾ, ಎಂಬತ್ತಾರು ತೋರಸಾಕತ್ತೈತಿ. ಎಲ್ಲಿಗೆ ಇಷ್ಟ ಜಲ್ದಿ?’

‘ಮಣ್ಣಿಗೆ ಹೊಂಟೇನ್ರಿ ಸಾಹೇಬ್ರ.’

‘ಯಾರ ಮಣ್ಣು?’

ರೂಢಿಯಿರುವ ಸುಳ್ಳುಗಾರ ಯಾವುದೋ ದೂರದ ಹೆಸರು ಹೇಳುತ್ತಿದ್ದ. ಬುಡ್ಡೇಸಾಬನಿಗೆ ರೂಢಿಯಿರಲಿಲ್ಲ. ಎದೆಗೆ ಹತ್ತಿರ ಯಾವ ಹೆಸರಿತ್ತೋ ಅದೇ ಬಾಯಿಗೆ ಬಂತು. ‘ಶಿರಹಟ್ಟಿ ಲಾಲಬಿದ್ರಿ. ನಮ್ಮ ಖಾಲಾ’ ಎಂದ.

ಲಾಲಬಿ ಅವನ ತಾಯಿಯ ಅಕ್ಕ. ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಕೊಂಡ ಮೇಲೆ ಇವನನ್ನು ತನ್ನ ಮಗ ನಯಾಜನ ಜೊತೆಗೇ ಬೆಳೆಸಿದವಳು. ಬಳೆಯ ಬುಟ್ಟಿ ಹೊತ್ತು ಮೂವತ್ತು ವರ್ಷ ಮನೆ ಮನೆ ತಿರುಗಿದವಳು. ಶಿರಹಟ್ಟಿ ಸುತ್ತಲಿನ ಹೆಣ್ಣುಮಕ್ಕಳ ಕೈಯ ಅಳತೆ ಅವರ ಗಂಡಂದಿರಿಗೆ ಗೊತ್ತಿರಲಿಕ್ಕಿಲ್ಲ, ಲಾಲಬಿಗೆ ಗೊತ್ತಿತ್ತು.

ಹೊಳೆಯಪ್ಪನ ಕೈ ತಾನಾಗಿ ಟೊಪ್ಪಿಗೆಗೆ ಹೋಯಿತು. ‘ಬಳಿ ಇಡೂ ಲಾಲಬಿ? ಯವ್ವ, ನನ್ನ ಹೆಂಡತಿ ಅದ ಊರಾಕಿ. ನಮ್ಮ ಮದವಿ ಬಳಿ ಇಟ್ಟಾಕಿ ಆಕೀನ’ ಎಂದ. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ‘ಹೋಗು ತಮ್ಮಾ. ಸಾವಕಾಶ ಹೋಗು. ಕಣ್ಣಾಗ ನೀರ ಇಟಗೊಂಡ ಜೋರ ಹೊಡಿಬ್ಯಾಡ.’

ಕಣ್ಣಿನ ನೀರು ಗಾಳಿ ಧೂಳಿನದು. ಅದನ್ನು ಹೇಳಲು ಬಾಯಿ ಬರಲಿಲ್ಲ. ಹವಾಲ್ದಾರ ನೋಡುತ್ತ ನಿಂತಿದ್ದರಿಂದ ಅವನು ಶಿರಹಟ್ಟಿ ದಾರಿಗೇ ತಿರುಗಬೇಕಾಯಿತು. ಊರೊಳಗೆ ಬಂದು, ಖಾಲಾಳ ಓಣಿಯ ಬಾಯಿಯ ಮುಂದೆಯೇ ಹಾದು, ಸುತ್ತು ಹಾಕಿ ನನ್ನ ಅಂಗಡಿಗೆ ಬಂದ. ಓಣಿಯೊಳಗೆ ಹೋಗಲಿಲ್ಲ. ನಾನು ಕಾಯುತ್ತಿದ್ದೆನಲ್ಲ.

ಶಟಲ್ ಕೂರಿಸುತ್ತ ನಡೆದದ್ದನ್ನು ಹೇಳಿದ. ನಾನು ನಕ್ಕೆ. ‘ಸುಳ್ಳ ಸುದ್ದಿ ಹೊಂಟ್ರ ಆಯುಷ್ಯ ಹೆಚ್ಚಾಗತೈತಿ ಬಿಡು’ ಎಂದೆ. ಅವನು ನಗಲಿಲ್ಲ. ನಾನು ಮಶೀನು ತುಳಿಯುತ್ತ ಜಂಪರ್ ಎಣಿಸತೊಡಗಿದೆ.

ಅಲ್ಲಿ ಹೊಳೆಯಪ್ಪ ಒಳ್ಳೆಯ ಮನಸ್ಸಿನಿಂದ ಶಿರಹಟ್ಟಿಯಲ್ಲಿದ್ದ ಹೆಂಡತಿ ದೇವವ್ವನಿಗೆ ಫೋನ್ ಮಾಡಿ ಸುದ್ದಿ ತಿಳಿಸಿದ್ದ. ದೇವವ್ವ ನೆರೆಯವರಿಗೆ ಹೇಳಿದಳು, ನೆರೆಯವರು ಊರಿಗೆ ಹೇಳಿದರು. ಒಂದು ತಾಸಿನಲ್ಲಿ ನಲವತ್ತು ಐವತ್ತು ಹೆಂಗಸರು ಹೂವು, ಊದಿನಕಡ್ಡಿ ಹಿಡಿದುಕೊಂಡು ಕಣ್ಣೊರೆಸುತ್ತ ಲಾಲಬಿಯ ಓಣಿಗೆ ಬಂದರು. ನೋಡಿದರೆ ಲಾಲಬಿ ಕಟ್ಟೆಯ ಮೇಲೆ ಕುಳಿತು ಹಸಿರು ಬಳೆಗಳನ್ನು ಅಳತೆ ಪ್ರಕಾರ ದಾರಕ್ಕೆ ಪೋಣಿಸುತ್ತಿದ್ದಾಳೆ. ಒಬ್ಬಾಕೆ ಅಲ್ಲೇ ಕುಸಿದು ಕುಳಿತಳಂತೆ. ವಿಷಯ ಗೊತ್ತಾದ ಮೇಲೆ ಲಾಲಬಿ, ‘ಬಂದೀರಿ, ಆತು. ಪಂಚಮಿ ಬಳಿ ಇಡಿಸಿಕೊಂಡ ಹೋಗ್ರಿ’ ಎಂದು ಒಬ್ಬೊಬ್ಬರನ್ನೇ ಕೂರಿಸಿಕೊಂಡಳು. ತನ್ನ ಸಾವಿಗೆ ಅಳಲು ಬಂದವರ ಕೈಗೆಲ್ಲ ಹಸಿರು ಬಳೆ ಇಟ್ಟು ಕಳಿಸಿದಳು.

ಡ್ಯೂಟಿ ಮುಗಿಸಿ ಹೊಳೆಯಪ್ಪ ಬಂದಾಗ ಅವನ ಹೆಂಡತಿಯ ಕೈಗೇ ಬಳೆ ಏರುತ್ತಿತ್ತು. ಅವನು ಬಾಗಿಲಲ್ಲೇ ನಿಂತ. ಮಗ ನಯಾಜ ಸಿಟ್ಟಿನಲ್ಲಿ, ‘ಜೀವಂತ ಇದ್ದಾಕೀನ್ನ ಸತ್ತಾಳ ಅಂತ ನಿಮಗ ಯಾರ ಹೇಳಿದ್ರಿ?’ ಎಂದು ಕೇಳಿದ.

‘ನಿಮ್ಮ ಬುಡ್ಡೇಸಾಬನ ಹೇಳಿದ. ಮಣ್ಣಿಗೆ ಹೊಂಟೇನಿ ಅಂದ.’

ಲಾಲಬಿಯ ಕೈ ಬಳೆಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ತಲೆ ಎತ್ತದೆ ಹೇಳಿದಳು: ‘ಅವಂದೇನ ತಪ್ಪಿಲ್ಲ ಅಳಿಯಂದ್ರ. ನಾನ ಹೇಳಿ ಕಳಿಸಿದ್ದೆ, ಸತ್ತೇನಿ ಅಂತ. ಹಂಗ ಅಂದ್ರರ ಬರತಾನೇನೋ ಅಂತ. ಆರ ತಿಂಗಳಾತು, ಮಾರಿ ತೋರಿಸಿದ್ದಿಲ್ಲ ಅಂವ. ಮಂದಿ ಕೂಡೂದರಾಗ ಬಂದ ನೋಡಿ ಹ್ವಾದ.’

ಹೊಳೆಯಪ್ಪ ಅವಳನ್ನು ಬೈದ. ‘ಅತ್ತಿ, ದೊಡ್ಡಾಕಿ ಇದ್ದಿ. ಇಂಥಾ ಮಾತ ಆಡಬಾರದು. ಅಂವ ಎಂಬತ್ತಾರರಾಗ ಬರಾಕತ್ತಿದ್ದ. ಬಿದ್ದ ಸತ್ತಿದ್ರ?’ ಲಾಲಬಿ ತಲೆ ತಗ್ಗಿಸಿ ಬೈಸಿಕೊಂಡಳು. ತಾನು ಆಡದ ಸುಳ್ಳಿಗೆ ಊರ ಹೆಂಗಸರ ಮುಂದೆ ಬೈಸಿಕೊಂಡಳು. ಆ ಆರು ತಿಂಗಳು ಮಾತ್ರ ಖರೆ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಅವನ ಗಾಡಿಗೆ ಹತ್ತು ನಿಮಿಷದ ದಾರಿ.

ಮರುದಿನ ಬುಡ್ಡೇಸಾಬ ಹೋಗಿ ಅವಳ ಕಾಲ ಬಳಿ ಕುಳಿತ. ಅವಳು ಬೈಯಲಿಲ್ಲ. ರೊಟ್ಟಿ ಹಾಕಿ ಉಣ್ಣಿಸಿದಳು. ಆಮೇಲೆ, ‘ಬೇಟಾ, ಹೆಂಗೂ ಒಮ್ಮೆ ಸಾಯಿಸಿದಿ. ಖರೇ ಸತ್ತಾಗ ಜೋರ ಬರಬ್ಯಾಡ. ಸಾವಕಾಶ ಬಾ, ನಾ ಕಾಯತೇನಿ. ನಿನ್ನ ಕೈಯಿಂದ ಒಂದ ಹಿಡಿ ಮಣ್ಣ ಬೀಳಬೇಕು ನನಗ. ಅಷ್ಟ ಸಾಕು’ ಎಂದಳು.

ಅವನು ಈ ಮಾತನ್ನು ನನಗೆ ಹೇಳುವಾಗ ಮಶೀನಿನ ಕಡೆ ನೋಡುತ್ತಿದ್ದ. ಆ ಸುಳ್ಳು ನಿನ್ನದು ಅಕ್ಕಾ ಎಂದು ಒಂದೇ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ನಾನು ಜಗಳ ತೆಗೆದು ಗೆದ್ದುಬಿಡುತ್ತಿದ್ದೆ, ನನ್ನ ಬಾಯಿ ಅಂಥದು. ಅನ್ನದೆ ಇದ್ದದ್ದರಿಂದ ಅದು ನನ್ನಲ್ಲೇ ಉಳಿಯಿತು.

ಅಂದಿನಿಂದ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಅವನು ಖಾಲಾಳ ಮನೆಗೆ ಹೋಗತೊಡಗಿದ. ಎಂಟು ವರ್ಷ ತಪ್ಪಿಸಲಿಲ್ಲ. ಶಿರಹಟ್ಟಿ ದಾರಿಯಲ್ಲಿ ನಲವತ್ತರ ಮೇಲೆ ಮೀಟರಿನ ಮುಳ್ಳು ಏರಿಸುತ್ತಿರಲಿಲ್ಲ, ಉಳಿದ ದಾರಿಗಳಲ್ಲಿ ಹಳೆಯ ಚಾಳಿಯೇ. ನಾನೂ ಲಾಲಬಿಯ ಹತ್ತಿರವೇ ಬಳೆ ಇಡಿಸಿಕೊಳ್ಳಲು ಹೋಗುತ್ತಿದ್ದೆ. ನನ್ನ ಕೈ ಹಿಡಿದಾಗಲೆಲ್ಲ ಈಕೆಗೆ ಹೇಳಿಬಿಡಲೇ ಎನಿಸುತ್ತಿತ್ತು. ‘ಕೈ ಮೆತ್ತಗ ಬಿಡಬೇ ಶೇಖವ್ವ, ಬಿಗಿ ಹಿಡಿದ್ರ ಬಳಿ ಒಡಿತಾವು’ ಎನ್ನುತ್ತಿದ್ದಳು. ಬಳೆ ಇಡಿಸಿಕೊಂಡು ಎದ್ದು ಬರುತ್ತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ನಗುತ್ತ ಬರೆಯುತ್ತಿದ್ದೆ.

ಅದು ಮದುವೆಯ ಹಂಗಾಮು. ಒಂದು ಶುಕ್ರವಾರ ಮಧ್ಯಾಹ್ನ ಬುಡ್ಡೇಸಾಬ ನನ್ನ ಅಂಗಡಿ ಮುಂದೆ ಗಾಡಿ ಏರುತ್ತಿದ್ದ. ಅಷ್ಟರಲ್ಲಿ ನನ್ನ ಮಶೀನು ದಾರ ಕಡಿಯತೊಡಗಿತು. ಕರೆದೆ. ‘ಅಕ್ಕಾ, ಖಾಲಾಗ ಎರಡ ದಿನದಿಂದ ಕೆಮ್ಮು. ಹೋಗಿ ಬಂದ ಮಾಡತೇನಿ’ ಎಂದ.

‘ಸಂಜಿಗೆ ಮದಲಗಿತ್ತಿ ಜಂಪರ್ ಕೊಡಬೇಕೋ. ಲಾಲಬಿ ಎಲ್ಲಿ ಓಡಿ ಹೋಗತಾಳ? ಬರೂ ಶುಕ್ರವಾರ ಹೋಗು’ ಎಂದೆ.

ಅವನು ಗಾಡಿಯಿಂದ ಇಳಿದ. ಮಶೀನಿಗೆ ಕಿವಿ ಹಚ್ಚಿದ. ಅದು ಸರಿಯಾಗುವಷ್ಟರಲ್ಲಿ ಹೊತ್ತು ಮುಳುಗಿತ್ತು.

ಸೋಮವಾರ ಮಧ್ಯಾಹ್ನ ಲಾಲಬಿ ತೀರಿಕೊಂಡಳು. ಬುಡ್ಡೇಸಾಬ ಮುಂಡರಗಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿಯೊಬ್ಬನ ಅಂಗಡಿಯಲ್ಲಿದ್ದ. ಆರು ಮಶೀನುಗಳ ಸಪ್ಪಳ. ಫೋನು ಸಾಮಾನಿನ ಚೀಲದೊಳಗೆ. ನೋಡಿದಾಗ ನಾಲ್ಕೂವರೆ ಗಂಟೆ, ನಯಾಜನ ಹನ್ನೊಂದು ಕರೆ. ಸಂಜೆಯ ಅಸರ್ ನಮಾಜು ಮುಗಿದ ಕೂಡಲೇ ಮಣ್ಣು, ಐದೂಕಾಲಿಗೆ ಎತ್ತುತ್ತೇವೆ ಎಂದ ನಯಾಜ. ನೆಟ್ಟಗೆ ಬಂದರೆ ಒಂದು ತಾಸಿನ ದಾರಿ.

ಸಾವಕಾಶ ಬಾ ಎಂದಿದ್ದಳು. ಆದರೆ ಅಂಥ ಹೊತ್ತಿನಲ್ಲಿ ಅದು ಯಾರಿಗೆ ನೆನಪಿರುತ್ತದೆ? ಅರ್ಧ ದಾರಿಯಲ್ಲಿ ಜೀಪು ನಿಂತಿತ್ತು. ಕೈ ಮಾಡಿದವನು ಹೊಳೆಯಪ್ಪ. ಮೀಸೆ ಬೆಳ್ಳಗಾಗಿತ್ತು, ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಎಂಟು ವರ್ಷದಲ್ಲಿ ಇಬ್ಬರಿಗೂ ಸಲಿಗೆ ಬೆಳೆದು, ಎಲ್ಲಿ ಕಂಡರೂ ಹೊಳೆಯಪ್ಪ ಅದೊಂದು ಹಳೆಯ ಮಾತು ತೆಗೆದು ನಗುತ್ತಿದ್ದ. ಅಂದೂ ನಕ್ಕ.

‘ಏನಪಾ ಬುಡ್ಡೇಸಾಬ, ತೊಂಬತ್ತು ಐತಿ ಇವತ್ತ. ಮತ್ತ ನಿಮ್ಮ ಖಾಲಾ ಸತ್ತೇನಿ ಅಂತ ಹೇಳಿ ಕಳಸ್ಯಾಳೇನು?’

ಹೊಳೆಯಪ್ಪನಿಗೆ ಸುದ್ದಿ ಗೊತ್ತಿರಲಿಲ್ಲ. ದೇವವ್ವನ ಕಿವಿಗೆ ಮಧ್ಯಾಹ್ನವೇ ಬಿದ್ದಿತ್ತು, ಆದರೆ ಆಕೆ ನಂಬಿರಲಿಲ್ಲ. ‘ಹಿಂದಕ ಒಮ್ಮೆ ಹಿಂಗ ಆಗಿತ್ತಲ್ಲ, ಹೂವ ಹಿಡಕೊಂಡ ಹೋಗಿ ನಗಿಪಾಟಲಾಗಿದ್ವಿ’ ಎಂದು ಸುಮ್ಮನಾದಳು. ಇನ್ನೂ ಎಷ್ಟೋ ಹೆಂಗಸರು ಹಾಗೇ ಸುಮ್ಮನಾದರು. ಸುಳ್ಳು ಸಾವಿಗೆ ಐವತ್ತು ಮಂದಿ ಬಂದಿದ್ದರು. ಖರೆ ಸಾವಿಗೆ ಲಾಲಬಿಯ ಮುಖ ನೋಡಲು ಬಂದ ಹೆಂಗಸರು ಹತ್ತೋ ಹನ್ನೆರಡೋ.

ಬುಡ್ಡೇಸಾಬ ಹೌದ್ರಿ ಅಂದಿದ್ದರೆ ಸಾಕಿತ್ತು. ಹೊಳೆಯಪ್ಪ ಅವನ ಮುಖ ನೋಡಿ ನಂಬುತ್ತಿದ್ದ, ತಾನೇ ಜೀಪಿನಲ್ಲಿ ಕೂರಿಸಿಕೊಂಡು ಒಯ್ಯುತ್ತಿದ್ದ. ಅವನು ಅನ್ನಲಿಲ್ಲ.

‘ಇಲ್ರಿ. ತಪ್ಪಾತ್ರಿ. ದಂಡ ಹಾಕ್ರಿ’ ಎಂದ.

ಯಾಕೆ ಹಾಗೆ ಮಾಡಿದೆಯೋ ಎಂದು ಎಷ್ಟೋ ದಿನಗಳ ಮೇಲೆ ಕೇಳಿದೆ. ‘ಬಾಯಿ ತಗದ್ನಿ ಅಕ್ಕಾ, ಬರಲಿಲ್ಲ. ಆ ಮಾತಿನಿಂದ ಆಕೀನ್ನ ಒಮ್ಮೆ ಸಾಯಿಸೇನಿ. ಮತ್ತ ಅದನ್ನ ಅಂದ್ರ ನಾನ ಎರಡನೇ ಸಲ ಸಾಯಿಸಿದಂಗ ಆಗತೈತಿ ಅನಸ್ತು. ಅನ್ನದಿದ್ರ ಇನ್ನೂ ಅದಾಳ ಅನಸ್ತು’ ಎಂದ.

ಗಾಡಿಯ ವಿಮೆ ತೀರಿತ್ತು. ದಂಡದ ಚೀಟಿ ಕೊಡುವ ಯಂತ್ರಕ್ಕೆ ನೆಟ್‌ವರ್ಕ್ ಸಿಗಲಿಲ್ಲ. ಯಂತ್ರವನ್ನು ಮೇಲೆತ್ತಿ ಹಿಡಿದು ಹೊಳೆಯಪ್ಪ ಆ ಕಡೆ ಈ ಕಡೆ ಓಡಾಡಿದ. ನಯಾಜನ ಕರೆ ಬರುತ್ತಿತ್ತು, ಹೊಳೆಯಪ್ಪನಿಗೆ ಕೇಳೀತೆಂದು ಬುಡ್ಡೇಸಾಬ ಕಡಿಯುತ್ತಿದ್ದ. ಒಂದು ತಾಸು ಹೀಗೇ ಹೋಯಿತು. ಶಿರಹಟ್ಟಿಯಲ್ಲಿ ನಯಾಜ ಹಿರಿಯರ ಕೈಕಾಲು ಹಿಡಿದು ಇಪ್ಪತ್ತು ನಿಮಿಷ ಜನಾಜಾ ನಿಲ್ಲಿಸಿದ್ದ. ಅಂದರೆ ಲಾಲಬಿ ಕಾದಳು. ಹೇಳಿದಂತೆ ಕಾದಳು. ಆಮೇಲೆ ಹಿರಿಯರು ಬೇಡವೆಂದರು.

ಬುಡ್ಡೇಸಾಬ ಕಬರಸ್ಥಾನ ಮುಟ್ಟಿದಾಗ ಗಂಡಸರು ಕೈ ತೊಳೆದು ತಿರುಗಿ ಬರುತ್ತಿದ್ದರು. ಗೋರಿಯ ಮೇಲೆ ನೀರು ಚಿಮುಕಿಸಿ ಆಗಿತ್ತು. ಅವನು ಒಂದು ಹಿಡಿ ಮಣ್ಣು ತೆಗೆದು ಮೇಲೆ ಹಾಕಿದನಂತೆ. ‘ಅದು ಆಕಿಗೆ ಮುಟ್ಟಲಿಲ್ಲ ಅಕ್ಕಾ, ಬರೇ ಮಣ್ಣ ಮ್ಯಾಲ ಮಣ್ಣ ಬಿತ್ತು’ ಎಂದ.

ಈಗ ಅವನು ಯಾವ ದಾರಿಯಲ್ಲೂ ಮೂವತ್ತರ ಮೇಲೆ ಹೋಗುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದು ಬೈದು ದಾಟುತ್ತಾರೆ. ದರ್ಜಿಗಳು ಸಿಡಿಮಿಡಿ ಮಾಡುತ್ತಾರೆ. ನಾನು ಮಾತ್ರ ಎಷ್ಟೇ ಹಬ್ಬವಿರಲಿ, ಜಲ್ದಿ ಬಾ ಎಂದು ಅವನಿಗೆ ಫೋನ್ ಮಾಡುವುದಿಲ್ಲ. ಅದೇನು ದೊಡ್ಡ ಪ್ರಾಯಶ್ಚಿತ್ತವಲ್ಲ, ಗೊತ್ತು.

ಇಷ್ಟೆಲ್ಲ ಬರೆದದ್ದು ಆ ಸಂಜೆಯ ಒಂದು ಮಾತು ಹೇಳಲಿಕ್ಕೆ. ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಶಿರಹಟ್ಟಿಗೆ ಹೋಗಿದ್ದೆ. ಲಾಲಬಿಯ ಮನೆಯ ಅಂಗಳದಲ್ಲಿ ಬುಡ್ಡೇಸಾಬ ಗೋಡೆಗೆ ಒರಗಿ ಕುಳಿತಿದ್ದ, ಅಂಗೈಗೆ ಹತ್ತಿದ ಮಣ್ಣು ತೊಳೆದುಕೊಂಡಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ದೇವವ್ವ ಅಳುತ್ತ ಬಂದಳು. ಹಿಂದೆಯೇ ಹೊಳೆಯಪ್ಪ, ಪೊಲೀಸ್ ಅಂಗಿಯಲ್ಲೇ. ಬಂದವನು ಬುಡ್ಡೇಸಾಬನ ಮುಂದೆ ನೆಲದ ಮೇಲೆ ಕುಳಿತ.

‘ಯಾಕ ಹೇಳಲಿಲ್ಲೋ ತಮ್ಮಾ? ನನ್ನ ಕೈಯಾಗ ಇಂಥಾ ಪಾಪ ಮಾಡಿಸಿದೆಲ್ಲೋ.’

‘ನಿಮ್ಮದಲ್ರಿ ಪಾಪ. ಹಿಂದಕ ನಾ ಹೇಳಿದ್ದ ಸುಳ್ಳರಿ ಅದು. ಖಾಲಾ ಏನೂ ಹೇಳಿ ಕಳಿಸಿರಲಿಲ್ಲ. ನನ್ನ ಮಾನ ಉಳಸಾಕ ತನ್ನ ಮ್ಯಾಲ ಹಾಕ್ಕೊಂಡ್ಲು.’

ಹೊಳೆಯಪ್ಪ ಮೂವತ್ತು ವರ್ಷ ರಸ್ತೆ ಬದಿಯಲ್ಲಿ ನಿಂತು ಜನರ ಸುಳ್ಳು ಕೇಳಿದ ಮನುಷ್ಯ. ‘ನಿನ್ನ ಬಾಯಾಗ ಸುಳ್ಳ ಹುಟ್ಟೂದಿಲ್ಲ’ ಎಂದ. ‘ಅದನ್ನ ನಿನಗ ಯಾರ ಕಲಿಸಿದ್ರು?’

ನಾನು ಎರಡು ಮಾರು ದೂರದಲ್ಲಿ ಕಂಬದ ಪಕ್ಕ ನಿಂತಿದ್ದೆ. ಬುಡ್ಡೇಸಾಬ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ತಲೆ ಕೆಳಗೆ ಹಾಕಿದ.

‘ಯಾರೂ ಇಲ್ರಿ. ನಂದ ಅದು.’

ಹೊಳೆಯಪ್ಪ ಮತ್ತೆ ಕೇಳಲಿಲ್ಲ. ನಾನೂ ಬಾಯಿ ತೆರೆಯಲಿಲ್ಲ. ಎರಡೂ ಕೈಯಲ್ಲಿ ಲಾಲಬಿ ಇಟ್ಟ ಬಳೆಗಳಿದ್ದವು. ಅವು ಸಪ್ಪಳ ಮಾಡದಂತೆ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡು ನಿಂತೆ.